ಚಳಿಗಾಲದ ಪ್ರಕೃತಿ ನಡಿಗೆ ಅರ್ಧಕ್ಕೇ ನಿಲ್ಲದಂತೆ ನಡೆಸುವುದು ಹೇಗೆ? ಸಮುದಾಯ ಪ್ರಕೃತಿ ಕೇಂದ್ರದ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ಪ್ರಕೃತಿ ಕೇಂದ್ರಗಳು ನಡೆಸುವ ಹೊರಾಂಗಣ ಕಾರ್ಯಕ್ರಮಗಳು ಹೆಚ್ಚಾಗಿ ಒಂದೇ ರೀತಿಯಲ್ಲಿ ಕೆಡುತ್ತವೆ. ಹುರುಪಿನಿಂದ ಬಂದ ಗುಂಪು ಬಾಗಿಲ ಹೊರಗೆ ನಿಂತು ಸ್ವಾಗತದ ಮಾತು ಕೇಳುತ್ತದೆ. ಮಾತು ಮುಗಿಯುವಷ್ಟರಲ್ಲಿ ಕಾಲ್ಬೆರಳುಗಳು ಮರಗಟ್ಟಿರುತ್ತವೆ. ಮೊದಲ ನಿಲುಗಡೆಯಲ್ಲಿ ಒಂದು ಮಗು ಅಳುತ್ತದೆ, ಎರಡನೆಯದರಲ್ಲಿ ಪೋಷಕರು ಹಿಂದಿರುಗುವ ದಾರಿ ಕೇಳುತ್ತಾರೆ, ಮೂರನೆಯ ನಿಲುಗಡೆ ನಡೆಯುವುದೇ ಇಲ್ಲ. ನಡೆಸಿದವರು ಹವಾಮಾನವನ್ನು ದೂರುತ್ತಾರೆ. ತಪ್ಪು ಇರುವುದು ಕ್ರಮದಲ್ಲಿ: ಮೈ ಬೆಚ್ಚಗಾಗುವ ಮೊದಲೇ ಜನರನ್ನು ನಿಲ್ಲಿಸಲಾಯಿತು, ಕೈಗೆ ಕೆಲಸ ಕೊಡುವ ಮೊದಲೇ ಕಿವಿಗೆ ಕೆಲಸ ಕೊಡಲಾಯಿತು.

ಹಿಮ ಬೀಳುವ ಪ್ರದೇಶದ ಕೇಂದ್ರದಲ್ಲಿ, ಮಕ್ಕಳೂ ಸೇರಿದ ಹದಿನೈದು ಇಪ್ಪತ್ತು ಜನರನ್ನು ಸುಮಾರು 90 ನಿಮಿಷ ಕರೆದೊಯ್ಯುವವರಿಗಾಗಿ ಈ ಬರಹ. ಹಂತಗಳ ಒಳಗೆ ನಿಮ್ಮ ಜಾಗಕ್ಕೆ ತಕ್ಕ ಬದಲಾವಣೆ ಮಾಡಿಕೊಳ್ಳಿ, ಆದರೆ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ರದ್ದುಮಾಡುವ ಮಿತಿಯನ್ನು ಮೊದಲೇ ಬರೆದಿಡಿ

ಉಷ್ಣಮಾಪಕದ ಅಂಕಿಯೊಂದನ್ನೇ ನಂಬಬೇಡಿ. ಗಾಳಿ ಸೇರಿದಾಗ ಚರ್ಮಕ್ಕೆ ತಟ್ಟುವ ಚಳಿಯನ್ನು ಹವಾಮಾನ ಇಲಾಖೆಗಳು ವಿಂಡ್ ಚಿಲ್ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ಕೊಡುತ್ತವೆ. ಮೈನಸ್ 10 ಡಿಗ್ರಿ ಸೆಲ್ಸಿಯಸ್ ಇರುವ ದಿನ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಅದು ಹತ್ತಿರ ಹತ್ತಿರ ಮೈನಸ್ 20ರ ಚಳಿಯಾಗುತ್ತದೆ. ಈ ಅಂಕಿ ಮೈನಸ್ 28 ಮುಟ್ಟಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಮಕ್ಕಳಿರುವ ಗುಂಪಿಗೆ ನಾನು ಇದಕ್ಕಿಂತ ಬಹಳ ಮೊದಲೇ ಗೆರೆ ಎಳೆಯುತ್ತೇನೆ: ಮೈನಸ್ 15ಕ್ಕೆ ನಡಿಗೆಯನ್ನು ಅರ್ಧಕ್ಕೆ ಇಳಿಸಿ, ಮೈನಸ್ 20ಕ್ಕೆ ಇಡೀ ಕಾರ್ಯಕ್ರಮವನ್ನು ಕಟ್ಟಡದೊಳಗೆ ತನ್ನಿ.

ಸೊನ್ನೆಯ ಆಸುಪಾಸಿನಲ್ಲಿ ಮಳೆಯೋ ಹಸಿ ಹಿಮವೋ ಬೀಳುವ ದಿನವನ್ನು ಜನ ಸುಲಭವೆಂದು ಭಾವಿಸುತ್ತಾರೆ. ಒಣ ಹವೆಯ ಮೈನಸ್ 8ಕ್ಕಿಂತ ಆ ದಿನವೇ ಹೆಚ್ಚು ಕಷ್ಟದ್ದು. ಬಟ್ಟೆ ನೆನೆದ ಮೇಲೆ ಮೈಯ ಬಿಸಿ ನಿಲ್ಲುವುದಿಲ್ಲ.

ನಿರ್ಧಾರ ಯಾರದು, ಯಾವ ಹೊತ್ತಿಗೆ ಎಂಬುದೂ ಬರಹದಲ್ಲಿರಲಿ. ಹಿಂದಿನ ಸಂಜೆಯೇ ಒಬ್ಬರು ನಿರ್ಧರಿಸಿ ಎಲ್ಲರಿಗೂ ತಿಳಿಸಬೇಕು. ಜನರೆಲ್ಲ ಬಂದು ಸೇರಿದ ಮೇಲೆ ಬಾಗಿಲಲ್ಲಿ ನಿಂತು ನಿರ್ಧರಿಸಹೊರಟರೆ ದಾಕ್ಷಿಣ್ಯವೇ ಗೆಲ್ಲುತ್ತದೆ.

## ಹಂತ 2: ಹಿಂದಿನ ದಿನ ದಾರಿಯನ್ನು ನಡೆದು ನೋಡಿ

ಬೇಸಿಗೆಯ ದಾರಿಯನ್ನೇ ಚಳಿಗಾಲಕ್ಕೂ ಇಟ್ಟುಕೊಳ್ಳುವುದು ಎರಡನೆಯ ಸಾಮಾನ್ಯ ತಪ್ಪು. ಹಿಮದಲ್ಲಿ ಮಕ್ಕಳ ವೇಗ ಅರ್ಧಕ್ಕಿಳಿಯುತ್ತದೆ. ಉದ್ದದ ಒಂದು ಸುತ್ತಿನ ಬದಲು ಎಂಟರ ಆಕಾರದ ಎರಡು ಚಿಕ್ಕ ಸುತ್ತುಗಳನ್ನು ಆರಿಸಿ. ನಡುವಿನ ಕೂಡುಜಾಗ ಕಟ್ಟಡಕ್ಕೆ ಹತ್ತಿರವಿರಲಿ. ದಾರಿಯ ಯಾವುದೇ ಬಿಂದುವಿನಿಂದ ಬೆಚ್ಚನೆಯ ಕೋಣೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚಿನ ನಡಿಗೆ ಇರಬಾರದು.

ನಡೆಯುವಾಗ ಇವನ್ನು ಗಮನಿಸಿ: ಹಿಮದ ಭಾರಕ್ಕೆ ಬಾಗಿದ ಅಥವಾ ಅರ್ಧ ಮುರಿದ ಕೊಂಬೆಗಳು, ನೆರಳಿನಲ್ಲಿ ಗಾಜಿನಂತೆ ಹೆಪ್ಪುಗಟ್ಟಿದ ಇಳಿಜಾರು, ಗಾಳಿಗೆ ಎದುರಾದ ಬಯಲು. ನಿಲುಗಡೆಗಳಿಗೆ ಬಿಸಿಲು ಬೀಳುವ, ಗಾಳಿಗೆ ಮರೆಯಿರುವ ಜಾಗಗಳನ್ನೇ ಗುರುತು ಹಾಕಿಕೊಳ್ಳಿ. ಸೂರ್ಯಾಸ್ತಕ್ಕೆ ಕನಿಷ್ಠ ಒಂದು ಗಂಟೆ ಮೊದಲೇ ಗುಂಪು ಒಳಗೆ ಬರುವಂತೆ ಹೊರಡುವ ಹೊತ್ತನ್ನು ಲೆಕ್ಕ ಹಾಕಿ.

ಹೆಪ್ಪುಗಟ್ಟಿದ ಕೊಳದ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಪಾರದರ್ಶಕವಾದ ಗಟ್ಟಿ ಮಂಜುಗಡ್ಡೆಯಾದರೂ 10 ಸೆಂ.ಮೀ.ಗಿಂತ ತೆಳುವಿದ್ದರೆ ಒಬ್ಬರು ಕೂಡ ಕಾಲಿಡಬಾರದು, 15 ಸೆಂ.ಮೀ. ಬೇಕೆನ್ನುವ ಸುರಕ್ಷತಾ ಸಂಸ್ಥೆಗಳೂ ಇವೆ, ಗುಂಪಿಗೆ ಅದಕ್ಕಿಂತಲೂ ಹೆಚ್ಚು ಬೇಕು. ಹಿಮ ಬೆರೆತ ಬಿಳಿಯ ಮಂಜುಗಡ್ಡೆಗೆ ಅದರ ಅರ್ಧದಷ್ಟೇ ಬಲ. ಒಂದೇ ಕೊಳದಲ್ಲಿ ನೀರು ಒಳಬರುವ ಕಡೆ, ಹೊರಹೋಗುವ ಕಡೆ, ಜೊಂಡಿನ ಸುತ್ತ ಪದರ ತೆಳುವಾಗಿರುತ್ತದೆ. ಒಂದು ಜಾಗದಲ್ಲಿ ಅಳೆದು ಇಡೀ ಕೊಳಕ್ಕೆ ಅದೇ ಎಂದುಕೊಳ್ಳುವುದರಿಂದಲೇ ಅನಾಹುತಗಳಾಗುತ್ತವೆ. ಪರಿಚಯದ ನಡಿಗೆಗೆ ಕೊಳದ ದಂಡೆಯೇ ಸಾಕು.

## ಹಂತ 3: ಸಲಕರಣೆ ಮತ್ತು ಬಟ್ಟೆ

ನಾಯಕರ ಚೀಲದಲ್ಲಿ ಇವು ಇರಲಿ: ಹೆಚ್ಚುವರಿ ಕೈಗವಸು ಮತ್ತು ಒಣ ಕಾಲುಚೀಲಗಳ ಮೂರು ನಾಲ್ಕು ಜೊತೆ, ಟೊಪ್ಪಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸೀಟಿ, ಟಾರ್ಚ್, ಥರ್ಮಾಸ್‌ನಲ್ಲಿ ಬಿಸಿ ಪಾನೀಯ, ಅಳತೆಪಟ್ಟಿ, 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಉದ್ದ ಕಡ್ಡಿಯ ಉಷ್ಣಮಾಪಕ, ಕಪ್ಪು ಬಟ್ಟೆ ಅಂಟಿಸಿದ ರಟ್ಟು. ಬರೆಯಲು ಪೆನ್ಸಿಲ್ ಬೇಕು, ಏಕೆಂದರೆ ಬಾಲ್‌ಪೆನ್ನಿನ ಶಾಯಿ ಚಳಿಗೆ ಗಟ್ಟಿಯಾಗುತ್ತದೆ. ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಡಿ. ಚಳಿಯಲ್ಲಿ ಬ್ಯಾಟರಿ ಬಹುಬೇಗ ಕುಸಿಯುತ್ತದೆ.

ಇವೆಲ್ಲಕ್ಕಿಂತ ಉಪಯುಕ್ತವಾದದ್ದನ್ನು ಬಹುತೇಕರು ಮರೆಯುತ್ತಾರೆ: ಫೋಮ್ ಚಾಪೆಯಿಂದ ಕತ್ತರಿಸಿದ ತುಂಡುಗಳು, ತಲೆಗೊಂದು. ನಿಂತಾಗ ಮೈಯ ಬಿಸಿ ಅಂಗಾಲಿನಿಂದ ನೆಲಕ್ಕೆ ಹರಿದುಹೋಗುತ್ತದೆ. ಆ ತುಂಡಿನ ಮೇಲೆ ನಿಂತರೆ, ಮಂಡಿಯೂರಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಭಾಗವಹಿಸುವವರಿಗೆ ಬಟ್ಟೆಯ ಸೂಚನೆಯನ್ನು ಒಂದು ವಾರ ಮೊದಲೇ ಕಳುಹಿಸಿ. ಮೈಗೆ ತಾಗುವ ಪದರ ಉಣ್ಣೆ ಅಥವಾ ಕೃತಕ ನೂಲಿನದಾಗಿರಲಿ, ನಡುವೆ ಬೆಚ್ಚನೆಯ ಪದರ, ಮೇಲೆ ಗಾಳಿ ತಡೆಯುವ ಪದರ. ಹತ್ತಿ ಬೇಡ: ಬೆವರಿಗೆ ನೆನೆದ ಹತ್ತಿ ಒಣಗುವುದಿಲ್ಲ, ಬೆಚ್ಚಗೂ ಇಡುವುದಿಲ್ಲ. ಬೆರಳುಗಳು ಬೇರೆ ಬೇರೆಯಾಗಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಂದೇ ಗೂಡಿನಲ್ಲಿರುವ ಮಿಟನ್ ಮಕ್ಕಳಿಗೆ ಮೇಲು.

ಕಾಲಿನ ವಿಷಯದಲ್ಲಿ ಒಳ್ಳೆಯ ಉದ್ದೇಶದಿಂದಲೇ ನಡೆಯುವ ತಪ್ಪೊಂದಿದೆ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿ ಬೂಟಿನೊಳಗೆ ತುರುಕುತ್ತಾರೆ. ಬೂಟು ಬಿಗಿಯಾದರೆ ರಕ್ತಸಂಚಾರ ತಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬೂಟಿನೊಳಗೆ ಬೆರಳುಗಳು ಸಲೀಸಾಗಿ ಆಡಬೇಕು.

ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟುಗಳಾದ ಸ್ನೋಶೂಗಳನ್ನು ಮೊದಲ ಕಾರ್ಯಕ್ರಮದಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ತುಳಿದು ಗಟ್ಟಿಯಾದ ದಾರಿಗೆ ಅವು ಬೇಕಿಲ್ಲ, ಇಪ್ಪತ್ತು ಜನರಿಗೆ ಕಟ್ಟಿಕೊಡುವಷ್ಟರಲ್ಲಿ ಗುಂಪು ತಣ್ಣಗಾಗುತ್ತದೆ. ಮುಂದೆ ಬಳಸುವುದಾದರೆ ಬೂಟಿನ ತುದಿ ಸ್ನೋಶೂವಿನ ಕಿಂಡಿಯ ಮೇಲೆ ಬರುವಂತೆ ಇಟ್ಟು, ಬಕಲ್‌ಗಳು ಹೊರಮಗ್ಗುಲಿಗಿರುವಂತೆ ನೋಡಿ, ಮುಂದಿನ ಪಟ್ಟಿಯನ್ನು ಮೊದಲು, ಹಿಮ್ಮಡಿಯ ಪಟ್ಟಿಯನ್ನು ಆಮೇಲೆ ಬಿಗಿಯಿರಿ. ಹಿಂದಕ್ಕೆ ಹೆಜ್ಜೆ ಇಡಬಾರದೆಂದು ಮೊದಲೇ ಹೇಳಿ. ಹಿಂತುದಿ ಹಿಮದಲ್ಲಿ ಹೂತು ಬೀಳುತ್ತಾರೆ.

## ಹಂತ 4: ಮಾತೆಲ್ಲ ಒಳಗೇ ಮುಗಿಯಲಿ

ಸ್ವಾಗತ, ಪರಿಚಯ, ನಿಯಮ, ದಾರಿಯ ವಿವರಣೆ ಎಲ್ಲವೂ ಕಟ್ಟಡದ ಒಳಗೆ, ಹತ್ತು ನಿಮಿಷದಲ್ಲಿ. ದಪ್ಪ ಬಟ್ಟೆ ತೊಟ್ಟು ಒಳಗೆ ಕಾಯಿಸಬೇಡಿ, ಬೆವರುತ್ತಾರೆ. ಮಾತು ಮುಗಿದ ಮೇಲೆ ಶೌಚಾಲಯ, ಆಮೇಲೆ ಕೋಟು, ಕೊನೆಗೆ ಕೈಗವಸು.

ಪ್ರತಿಯೊಬ್ಬರ ಬೂಟು ಮತ್ತು ಕೈಗವಸನ್ನು ಕಣ್ಣಾರೆ ನೋಡಿ. ಕೊರತೆಯಿದ್ದವರಿಗೆ ಈಗಲೇ ಕೊಡಿ, ದಾರಿಯಲ್ಲಿ ಅಲ್ಲ. ತಲೆ ಎಣಿಸಿ ಬರೆದುಕೊಳ್ಳಿ. ಮುಂದೆ ಒಬ್ಬರು, ಕಟ್ಟಕಡೆಯಲ್ಲಿ ಒಬ್ಬರು ಎಂದು ಹೆಸರು ಹಿಡಿದು ನೇಮಿಸಿ. ಕಡೆಯಲ್ಲಿ ನಡೆಯುವವರ ಕೆಲಸ ವಿವರಣೆಯಲ್ಲ, ಮುಖಗಳನ್ನು ಗಮನಿಸುವುದು.

## ಹಂತ 5: ಮೊದಲ ಎಂಟು ನಿಮಿಷ ನಿಲ್ಲದೆ ನಡೆಯಿರಿ

ಹೊರಬಂದ ಕೂಡಲೇ ಏನಾದರೂ ತೋರಿಸಬೇಕೆಂಬ ಆಸೆಯನ್ನು ತಡೆಯಿರಿ. ಅಪರೂಪದ ಹಕ್ಕಿ ಎದುರಿಗೆ ಬಂದರೂ ನಡೆಯುತ್ತಲೇ ಬೆರಳು ಮಾಡಿ. ಸ್ವಲ್ಪ ಚುರುಕಾದ, ಮಾತನಾಡಲು ಅಡ್ಡಿಯಾಗದ ವೇಗದಲ್ಲಿ ಎಂಟು ಹತ್ತು ನಿಮಿಷ ನಡೆದರೆ ಕೈಕಾಲುಗಳಿಗೆ ಬಿಸಿ ಹರಿಯುತ್ತದೆ. ಯಾರಿಗಾದರೂ ಸೆಕೆಯೆನಿಸಿದರೆ ಬೆವರುವ ಮೊದಲೇ ಜಿಪ್ ತೆರೆಯಲು ಹೇಳಿ.

ಇಲ್ಲಿಂದ ಮುಂದೆ ಒಂದೇ ನಿಯಮ: ಯಾವ ನಿಲುಗಡೆಯೂ ಐದು ನಿಮಿಷ ಮೀರಬಾರದು, ನಡುವೆ ಕನಿಷ್ಠ ಐದು ನಿಮಿಷ ನಡಿಗೆ ಇರಬೇಕು. ನಿಂತಾಗ ಗುಂಪಿನ ಬೆನ್ನು ಗಾಳಿಗಿರಲಿ. ಸೂರ್ಯನಿಗೆ ಎದುರಾಗಿ ನಿಲ್ಲಬೇಕಾದವರು ನೀವು, ಅವರಲ್ಲ.

## ಹಂತ 6: ಹೆಜ್ಜೆಗುರುತುಗಳನ್ನು ಓದಿಸಿ

ಚಳಿಗಾಲದ ಕಾರ್ಯಕ್ರಮದ ಹೃದಯವಿದು. ಪ್ರಾಣಿ ಕಾಣಿಸದಿದ್ದರೂ ಅದು ರಾತ್ರಿಯಿಡೀ ಮಾಡಿದ್ದೆಲ್ಲ ಹಿಮದ ಮೇಲೆ ಉಳಿದಿರುತ್ತದೆ. ಇದನ್ನು ಮೊದಲ ಚಟುವಟಿಕೆಯಾಗಿಡಲು ಕಾರಣವೂ ಇದೆ: ಇಪ್ಪತ್ತು ಜೋಡಿ ಕಾಲುಗಳು ಓಡಾಡಿದ ಮೇಲೆ ಓದಲು ಏನೂ ಉಳಿಯುವುದಿಲ್ಲ. ಹಿಮ ಬಿದ್ದು ನಿಂತ ಮೇಲೆ ಒಂದು ರಾತ್ರಿ ಕಳೆದ ಬೆಳಗ್ಗೆ ಗುರುತುಗಳು ಅತ್ಯಂತ ಸ್ಪಷ್ಟ.

ಗುಂಪನ್ನು ಗುರುತಿನ ಸಾಲಿಗಿಂತ ಎರಡು ಮೀಟರ್ ದೂರದಲ್ಲಿ ಒಂದೇ ಸಾಲಾಗಿ ನಿಲ್ಲಿಸಿ. ಸೂರ್ಯ ಒಂದು ಕಡೆ, ನೀವು ಇನ್ನೊಂದು ಕಡೆ, ಗುರುತು ನಡುವೆ ಇರುವಂತೆ ನಿಂತರೆ ಓರೆ ಬೆಳಕಿನಲ್ಲಿ ಅಂಚುಗಳ ನೆರಳು ಎದ್ದು ಕಾಣುತ್ತದೆ.

ಮೊದಲು ಸಾಲಿನ ವಿನ್ಯಾಸ ನೋಡಿಸಿ, ಒಂಟಿ ಪಾದವನ್ನು ಅಲ್ಲ. ಹೊಸಬರು ಬಗ್ಗಿ ಒಂದೇ ಗುರುತಿನಲ್ಲಿ ಬೆರಳೆಣಿಸುತ್ತಾ ಕೂರುತ್ತಾರೆ, ಆದರೆ ಪುಡಿ ಹಿಮದಲ್ಲಿ ಬೆರಳು ಮೂಡುವುದೇ ಅಪರೂಪ. ವಿನ್ಯಾಸವನ್ನು ಮೂರು ನಾಲ್ಕು ಬಗೆಯಾಗಿ ಹಂಚಿಕೊಳ್ಳಬಹುದು. ನಾಲ್ಕು ಗುರುತುಗಳ ಗುಂಪು, ಆಮೇಲೆ ಖಾಲಿ, ಮತ್ತೆ ನಾಲ್ಕು ಎಂದಿದ್ದರೆ ನೆಗೆದು ಓಡುವ ಪ್ರಾಣಿ: ಮೊಲ ಅಥವಾ ಅಳಿಲು. ಎರಡರಲ್ಲೂ ದೊಡ್ಡದಾದ ಹಿಂಗಾಲುಗಳು ಮುಂಗಾಲುಗಳಿಗಿಂತ ಮುಂದೆ ಬಿದ್ದಿರುತ್ತವೆ. ಇದು ಕಂಡಾಗ ಪ್ರಾಣಿ ಹೋದ ದಿಕ್ಕನ್ನು ತಲೆಕೆಳಗಾಗಿ ಹೇಳುವವರೇ ಹೆಚ್ಚು. ಅಳಿಲಿನ ಮುಂಗಾಲುಗಳು ಸಾಮಾನ್ಯವಾಗಿ ಅಕ್ಕಪಕ್ಕ ಬೀಳುತ್ತವೆ, ಮೊಲದವು ಒಂದರ ಹಿಂದೆ ಒಂದು. ಅಳಿಲಿನ ಸಾಲು ಮರದ ಬುಡದಲ್ಲಿ ಕೊನೆಯಾಗುತ್ತದೆ ಎಂಬುದು ಇನ್ನೂ ಸುಲಭದ ಸುಳಿವು.

ಎರಡೆರಡು ಗುರುತುಗಳ ಜೋಡಿ ತುಸು ಓರೆಯಾಗಿ ಸಾಗಿದ್ದರೆ ಉದ್ದ ಮೈಯ, ಗಿಡ್ಡ ಕಾಲಿನ ಬೇಟೆಗಾರನಾದ ವೀಸೆಲ್ ಕುಲದ ಪ್ರಾಣಿ. ಒಂದೇ ಗೆರೆಯಲ್ಲಿ ನೇರವಾಗಿ, ಹಿಂಗಾಲು ಮುಂಗಾಲಿನ ಗುರುತಿನೊಳಗೇ ಬಿದ್ದು ಸಾಗಿದ್ದರೆ ನರಿಯಂಥದ್ದು. ಸಾಕುನಾಯಿ ಅಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ಅತ್ತಿತ್ತ ಅಲೆಯುತ್ತದೆ. ನಾಯಿ ಮತ್ತು ಬೆಕ್ಕಿನ ಕುಲಗಳೆರಡರಲ್ಲೂ ನಾಲ್ಕೇ ಬೆರಳು ಮೂಡುತ್ತವೆ. ಉಗುರು ಕಂಡರೆ ನಾಯಿಯ ಕಡೆಗೆ, ಕಾಣದಿದ್ದರೆ ಬೆಕ್ಕಿನ ಕಡೆಗೆ ಊಹೆ ವಾಲಬೇಕು. ಇಬ್ಭಾಗವಾದ ಗೊರಸು ಕಂಡರೆ ಜಿಂಕೆಯ ಬಳಗ.

ಗುರುತು ಹಳೆಯದೇ ಹೊಸದೇ ಎಂಬುದನ್ನು ಅಳತೆಗಿಂತ ಮೊದಲು ನೋಡಿ. ಬಿಸಿಲಿಗೆ ಕರಗಿದ ಗುರುತು ಹಿಗ್ಗುತ್ತದೆ. ದೊಡ್ಡ ಬೇಟೆಗಾರ ಪ್ರಾಣಿಯೊಂದು ಬಂದಿತ್ತೆಂಬ ಸುದ್ದಿಗಳಲ್ಲಿ ಎಷ್ಟೋ ಸಲ ಕರಗಿದ ನಾಯಿಹೆಜ್ಜೆ ಇರುತ್ತದೆ. ಅಂಚು ಚೂಪಾಗಿದ್ದು ಒಳಗೆ ಹಿಮದ ಪುಡಿ ಬಿದ್ದಿರದಿದ್ದರೆ ಹೊಸದು. ಅಂಚು ದುಂಡಾಗಿದ್ದರೆ, ಒಳಗೆ ಗಟ್ಟಿ ಪೊರೆ ಕಟ್ಟಿದ್ದರೆ ಹಳೆಯದು.

ಸಾಲನ್ನು ಹಿಂಬಾಲಿಸಬೇಕೆಂದರೆ ಪ್ರಾಣಿ ಬಂದ ಕಡೆಗೆ ಹೋಗಿ, ಹೋದ ಕಡೆಗಲ್ಲ. ಕಥೆ ಅಷ್ಟೇ ಸಿಗುತ್ತದೆ, ಪ್ರಾಣಿಗೆ ತೊಂದರೆಯಾಗುವುದಿಲ್ಲ. ಚಳಿಗಾಲದಲ್ಲಿ ಅದನ್ನು ಒಂದು ಸಲ ಬೆದರಿಸಿ ಓಡಿಸಿದರೂ ದಿನಗಟ್ಟಲೆ ಕೂಡಿಟ್ಟ ಕೊಬ್ಬಿನಿಂದ ಅಷ್ಟು ಶಕ್ತಿ ಕಳೆದುಹೋಗುತ್ತದೆ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿ, ಅವರು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ. ಗೂಬೆ ಕಂಡರೆ ದೂರದಿಂದ ನೋಡಿ ಮುಂದೆ ಸಾಗಿ. ಅದು ಕಣ್ಣು ಅಗಲಿಸಿ ನಿಮ್ಮನ್ನೇ ನೋಡುತ್ತಿದ್ದರೆ, ಮೈ ನೀಳವಾಗಿ ಸೆಟೆಸಿದ್ದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ಕೂಗನ್ನು ಹಾಕಲೇಬೇಡಿ.

ಹೆಸರನ್ನು ನೀವು ಮೊದಲು ಹೇಳಬೇಡಿ. ಹೆಸರು ಕೇಳಿದ ಕೂಡಲೇ ನೋಡುವುದು ನಿಂತುಹೋಗುತ್ತದೆ. ಎಲ್ಲಿಂದ ಬಂತು, ಅವಸರದಲ್ಲಿತ್ತೇ, ಎಲ್ಲಿ ನಿಂತಿತು ಎಂದು ಕೇಳಿ, ಅಳೆಯಲು ಪಟ್ಟಿಯನ್ನು ಮಕ್ಕಳ ಕೈಗೆ ಕೊಡಿ.

## ಹಂತ 7: ಮೂರು ಕಿರು ನಿಲುಗಡೆಗಳು

ಹಿಮದಡಿಯ ಉಷ್ಣತೆ. ಹಿಮ 20 ಸೆಂ.ಮೀ.ಗಿಂತ ಆಳವಿರುವ ಕಡೆ ಉಷ್ಣಮಾಪಕವನ್ನು ಮೊದಲು ಗಾಳಿಯಲ್ಲಿ ಹಿಡಿದು, ಆಮೇಲೆ ಹಿಮದ ನಡುವಿಗೆ, ಕೊನೆಗೆ ನೆಲಕ್ಕೆ ಮುಟ್ಟಿಸಿ. ಹೊರಗೆ ಮೈನಸ್ 15 ಇದ್ದಾಗಲೂ ನೆಲದ ಬಳಿ ಸೊನ್ನೆಯ ಹತ್ತಿರವಿರುತ್ತದೆ. ಪುಡಿ ಹಿಮದಲ್ಲಿ ಸಿಕ್ಕಿಕೊಂಡ ಗಾಳಿ ಕಂಬಳಿಯ ಕೆಲಸ ಮಾಡುತ್ತದೆ. ವೋಲ್ ಎಂಬ ಗಿಡ್ಡ ಬಾಲದ ಇಲಿಗಳು ಚಳಿಗಾಲವಿಡೀ ಈ ಅಡಿಪದರದಲ್ಲಿ ಸುರಂಗ ತೋಡಿಕೊಂಡು ಬದುಕುತ್ತವೆ. ಆದ್ದರಿಂದ ದಾರಿಯ ಪಕ್ಕದಲ್ಲೇ ಅಳೆಯಿರಿ. ಬಯಲಿನ ಹಿಮವನ್ನು ತುಳಿದು ಗಟ್ಟಿಮಾಡಿದರೆ ಅವುಗಳ ಮನೆ ಕುಸಿಯುತ್ತದೆ.

ಹಿಮದ ಹರಳು. ಹಿಮ ಬೀಳುತ್ತಿದ್ದರೆ ಮಾತ್ರ ಇದು ಸಾಧ್ಯ. ಕಪ್ಪು ರಟ್ಟನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಸಿರಬೇಕು. ಒಳಗಿನಿಂದ ಆಗತಾನೇ ತಂದ ರಟ್ಟಿನ ಮೇಲೆ ಹರಳು ಬಿದ್ದ ಕ್ಷಣವೇ ಕರಗುತ್ತದೆ. ಭೂತಗನ್ನಡಿ ಹಿಡಿದು ನೋಡುವಾಗ ಉಸಿರು ಪಕ್ಕಕ್ಕೆ ಬಿಡಲು ಹೇಳಿ. ಕವಲೊಡೆದ ಆರು ತೋಳಿನ ನಕ್ಷತ್ರ ಕಂಡರೆ ಅದು ಬೆಳೆದದ್ದು ಮೈನಸ್ 15ರ ಆಸುಪಾಸಿನ ಮೋಡದಲ್ಲಿ. ಸೂಜಿಯಂತಿದ್ದರೆ ಮೈನಸ್ 5ರ ಆಸುಪಾಸಿನದು.

ಎಲೆಯುದುರಿದ ರೆಂಬೆ. ಮೊಗ್ಗುಗಳು ಎದುರುಬದುರಾಗಿವೆಯೇ, ಒಂದು ಬಿಟ್ಟು ಒಂದಾಗಿವೆಯೇ ಎಂದು ಕೇಳಿ. ಎಲೆ ಉದುರಿದ ಜಾಗದ ಗಾಯದ ಗುರುತನ್ನು ತೋರಿಸಿ. ರೆಂಬೆ ಮುರಿಯುವುದು ಬೇಡ, ಬಾಗಿಸಿ ನೋಡಿದರೆ ಸಾಕು. ಗುಂಪು ತಣ್ಣಗಾಗಿದ್ದರೆ ಈ ನಿಲುಗಡೆಯನ್ನೇ ಕೈಬಿಡಿ.

## ಎಚ್ಚರಿಕೆಯ ಲಕ್ಷಣಗಳು: ನಡಿಗೆಯನ್ನು ಯಾವಾಗ ನಿಲ್ಲಿಸಬೇಕು?

ಮಗು ಚಳಿಯೆಂದು ಹೇಳಿದರೆ ಅದು ಒಳ್ಳೆಯ ಸೂಚನೆ, ಕೂಡಲೇ ನಡೆಸಿ, ಕೈಗವಸು ಬದಲಿಸಿ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದಾಗ ಹೆಚ್ಚು ಎಚ್ಚರ ಬೇಕು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ಹೆಚ್ಚು, ಅವರು ದೊಡ್ಡವರಿಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತಾರೆ.

ನಿಲ್ಲದ ನಡುಕ, ತೊದಲುವ ಮಾತು, ಜಿಪ್ ಹಾಕಲಾಗದ ಬೆರಳುಗಳು, ಎಡವುವ ಹೆಜ್ಜೆ, ಕಾರಣವಿಲ್ಲದ ಸಿಡಿಮಿಡಿ: ಇವು ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವ ಹೈಪೋಥರ್ಮಿಯಾದ ಲಕ್ಷಣಗಳು. ವ್ಯಕ್ತಿ ಬೆಚ್ಚಗಾಗದೆಯೇ ನಡುಕ ನಿಂತರೆ ಸ್ಥಿತಿ ಬಿಗಡಾಯಿಸಿದೆ ಎಂದು ತಿಳಿದು ತುರ್ತು ವೈದ್ಯಕೀಯ ನೆರವಿಗೆ ಕರೆ ಮಾಡಿ. ಒದ್ದೆ ಬಟ್ಟೆ ತೆಗೆದು ಒಣ ಪದರಗಳಲ್ಲಿ ಸುತ್ತಿ, ಮೊದಲು ಮುಂಡಭಾಗವನ್ನು ಬೆಚ್ಚಗೆ ಮಾಡಿ. ಪೂರ್ಣ ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಬಿಸಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ.

ಕೆನ್ನೆ, ಮೂಗು, ಕಿವಿ, ಬೆರಳ ತುದಿಗಳಲ್ಲಿ ಚರ್ಮ ಬಿಳಿಚಿ ಅಥವಾ ಬೂದುಬಣ್ಣಕ್ಕೆ ತಿರುಗಿ ಸ್ಪರ್ಶ ತಿಳಿಯದಂತಾದರೆ ಫ್ರಾಸ್ಟ್‌ಬೈಟ್, ಅಂದರೆ ಚರ್ಮ ಹೆಪ್ಪುಗಟ್ಟುವುದು, ಶುರುವಾಗಿರಬಹುದು. ಬೆರಳನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಕರೆತನ್ನಿ. ಹಿಮದಿಂದ ಉಜ್ಜುವ ಹಳೆಯ ರೂಢಿ ಹಾನಿಯನ್ನೇ ಹೆಚ್ಚಿಸುತ್ತದೆ. ಒಳಗೆ ಬಂದ ಮೇಲೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಿ. ಬೆಂಕಿ, ಹೀಟರ್ ಬೇಡ, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆಯಿದ್ದರೆ ಕರಗಿಸಲು ಹೋಗಬೇಡಿ. ಬಣ್ಣ, ಸ್ಪರ್ಶ ಮರಳದಿದ್ದರೆ ವೈದ್ಯರ ಬಳಿಗೆ.

## ಹಂತ 8: ಹಕ್ಕಿ ಎಣಿಕೆಯನ್ನು ಕಿಟಕಿಯೊಳಗಿಂದ ಮಾಡಿಸಿ

ಎಣಿಕೆಗೆ ಅಲುಗಾಡದೆ ಕೂರಬೇಕು. ಅದನ್ನು ಹೊರಗೆ ಮಾಡಿಸುವುದೇ ಗುಂಪು ಕೆಡುವ ಮುಖ್ಯ ಕಾರಣ. ಮರಳಿ ಬಂದು ಬಿಸಿ ಪಾನೀಯ ಹಿಡಿದು ಕಾಳಿನ ತಟ್ಟೆಯೆದುರಿನ ಕಿಟಕಿಯ ಬಳಿ ಕೂತಾಗ ಇದು ಸರಾಗವಾಗಿ ನಡೆಯುತ್ತದೆ.

ಹದಿನೈದು ನಿಮಿಷ ಎಣಿಸಿ. ಬಂದು ಹೋದ ಪ್ರತಿ ಹಕ್ಕಿಯನ್ನೂ ಕೂಡುತ್ತಾ ಹೋದರೆ ಒಂದೇ ಹಕ್ಕಿ ಹತ್ತಾಗುತ್ತದೆ. ಪ್ರತಿ ಜಾತಿಯಲ್ಲಿ ಒಂದೇ ನೋಟಕ್ಕೆ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಿರಿ: ಮೊದಲು ಮೂರು, ಆಮೇಲೆ ಐದು, ಮತ್ತೆ ಎರಡು ಕಂಡರೆ ಬರೆಯಬೇಕಾದ್ದು ಐದು. ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಕನಿಷ್ಠ 15 ನಿಮಿಷದ ಎಣಿಕೆಗೆ ಯಾರು ಬೇಕಾದರೂ ಸೇರಬಹುದು. ಹಕ್ಕಿ ಎಣಿಕೆಯ ಕಾರ್ಯಕ್ರಮವನ್ನು ಆ ನಾಲ್ಕು ದಿನಗಳಿಗೆ ಹೊಂದಿಸಿದರೆ ನಿಮ್ಮ ಗುಂಪಿನ ಎಣಿಕೆಯೂ ಉಪಯೋಗಕ್ಕೆ ಬರುತ್ತದೆ.

ಕಾಳಿನ ತಟ್ಟೆ ಕಿಟಕಿಯಿಂದ ಒಂದು ಮೀಟರಿನೊಳಗಿರಲಿ, ಇಲ್ಲವೇ ಹತ್ತು ಮೀಟರಿನಾಚೆ. ನಡುವಿನ ದೂರದಲ್ಲಿಟ್ಟರೆ ಹಕ್ಕಿಗಳು ವೇಗ ಹಿಡಿದು ಗಾಜಿಗೆ ಬಡಿಯುತ್ತವೆ. ಎರಡು ವಾರಕ್ಕೊಮ್ಮೆ ತಟ್ಟೆಯನ್ನು ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ ತುಂಬಿಸಿ. ಪುಕ್ಕ ಉಬ್ಬಿಸಿಕೊಂಡು ಕದಲದೆ ಕೂತ, ಕಣ್ಣು ಊದಿದ ಹಕ್ಕಿ ಕಂಡರೆ ರೋಗ ಹರಡುತ್ತಿರಬಹುದು, ತಟ್ಟೆಯನ್ನು ತೆಗೆದುಬಿಡಿ.

## ಹಂತ 9: ರಾತ್ರಿಯ ಆಕಾಶ, ಬೇರೆ ದಿನವೇ

ಹಗಲಿನ ನಡಿಗೆಗೆ ಇದನ್ನು ಜೋಡಿಸಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಹೊರಗೆ ನಿಲ್ಲಿಸುವ ಬದಲು ಒಳಗಿನ ದೀಪ ಆರಿಸಿ, ಮಂದ ಕೆಂಪು ಬೆಳಕಿನಲ್ಲಿ ಮಾತನಾಡಿ, ಆಮೇಲೆ ಹೊರಗೆ ಬನ್ನಿ. ಒಬ್ಬರು ಮೊಬೈಲ್ ತೆರೆದರೂ ಎಲ್ಲರ ಕಣ್ಣು ಮೊದಲಿನ ಸ್ಥಿತಿಗೆ ಹೋಗುತ್ತದೆ.

ಉತ್ತರಾರ್ಧಗೋಳದ ಚಳಿಗಾಲದಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳಿಂದ ಶುರುಮಾಡಿ. ಆ ಗೆರೆಯನ್ನು ಒಂದು ಕಡೆಗೆ ಎಳೆದರೆ ಲುಬ್ಧಕ, ಇನ್ನೊಂದು ಕಡೆಗೆ ಎಳೆದರೆ ರೋಹಿಣಿ, ಅದರಾಚೆ ಕೃತ್ತಿಕೆಯ ಗುಂಪು. ದೂರದರ್ಶಕದ ಮುಂದೆ ಸರದಿ ನಿಲ್ಲಿಸುವುದಕ್ಕಿಂತ ಬೈನಾಕ್ಯುಲರ್‌ಗಳನ್ನು ಕೈಯಿಂದ ಕೈಗೆ ದಾಟಿಸುವುದು ಲೇಸು. ಇಪ್ಪತ್ತು ನಿಮಿಷಕ್ಕೆ ಮುಗಿಸಿ.

## ಹಂತ 10: ಮರಳಿದ ಮೇಲೆ

ನಡಿಗೆ ಮುಗಿಸಿ ಹಕ್ಕಿ ಎಣಿಕೆಗೆಂದು ಒಳಗೆ ಕಾಲಿಡುವ ಮೊದಲೇ ತಲೆ ಎಣಿಸಿ, ಬರೆದಿಟ್ಟ ಸಂಖ್ಯೆಗೆ ಹೋಲಿಸಿ. ಬೈನಾಕ್ಯುಲರ್, ಕ್ಯಾಮೆರಾಗಳನ್ನು ಹೊರಗಿರುವಾಗಲೇ ಚೀಲಕ್ಕೆ ಹಾಕಿ ಮುಚ್ಚಿ, ಒಳಗೆ ತಂದು ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ. ಇಲ್ಲವಾದರೆ ಮಸೂರದ ಮೇಲೆ ತೇವ ಕಟ್ಟುತ್ತದೆ. ಎರವಲು ಕೊಟ್ಟ ಕೈಗವಸು, ಕಾಲುಚೀಲಗಳನ್ನು ಅಂದೇ ಒಣಹಾಕಿ.

ಜನ ಹೊರಟ ಮೇಲೆ, ನೀವು ಬಾಗಿಲು ಹಾಕುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಉಷ್ಣತೆ, ಗಾಳಿ, ಹಿಮದ ಆಳ, ಕಂಡ ಗುರುತುಗಳು, ಹಕ್ಕಿಗಳ ಸಂಖ್ಯೆ, ಹೊರಟು ಎಷ್ಟು ನಿಮಿಷಕ್ಕೆ ಮೊದಲ ಬಾರಿ ಯಾರೋ ಚಳಿಯೆಂದರು ಎಂಬುದು. ಈ ಕೊನೆಯ ಅಂಕಿ 30ಕ್ಕಿಂತ ಕಡಿಮೆಯಿದ್ದರೆ ಮುಂದಿನ ಸಲ ಏಳನೆಯ ಹಂತದ ಎರಡು ನಿಲುಗಡೆಗಳನ್ನು ತೆಗೆದು ಆ ಹೊತ್ತನ್ನು ನಡಿಗೆಗೆ ಕೊಡಿ.